ಮಂಡ್ಯದ ಮನೆ ವೈರಿಂಗ್: ಗೀಸರ್ ಲೈನ್ ಎಳೆದಾಯ್ತು

ಗೋಡೆ ಕೊರೆದು ಪೈಪ್ ಕೂರಿಸುವ ಕೆಲಸ ಹೋದ ತಿಂಗಳೇ ಮುಗಿದಿತ್ತು. ಈ ವಾರ ವೈರ್ ಎಳೆದೆವು. ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ (ವೈರಿನೊಳಗಿನ ತಾಮ್ರದ ದಪ್ಪದ ಅಳತೆ). ಮಿಕ್ಸಿ, ಫ್ರಿಜ್ಜಿನ ಪ್ಲಗ್ಗಿಗೆ 2.5. ಅಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಲೆಕ್ಕ ಬೇಕಾಗಿದ್ದು ಗೀಸರ್ ಲೈನಿಗೆ.

ನಮ್ಮ ಬಚ್ಚಲುಮನೆ ಹಿತ್ತಲಲ್ಲಿದೆ. ಬೋರ್ಡಿನಿಂದ ಅಲ್ಲಿಗೆ ಟೇಪ್ ಹಿಡಿದರೆ 22 ಮೀಟರ್. ಗೀಸರ್ 3 ಕಿಲೋವ್ಯಾಟಿನದು. 3000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್ ಕರೆಂಟ್. ಹಳೇ ಲೈನ್ 1.5ರದು. ಎಳೆದು ತೆಗೆದಾಗ ಗೀಸರ್ ಕಡೆಯ ತುದಿ ಒಂದು ಗೇಣಿನಷ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಬಗ್ಗಿಸಿದ ಕೂಡಲೇ ಮೇಲಿನ ಪಿವಿಸಿ ಪಟಪಟ ಅಂತ ಸೀಳಿತು. ಒಳಗಿನ ತಾಮ್ರ ಕಪ್ಪಗಾಗಿತ್ತು. ಅದಕ್ಕಿದ್ದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 32 ಆಂಪಿಯರಿನದು! ಪದೇ ಪದೇ ಬೀಳುತ್ತದೆ ಅಂತ ಯಾರೋ ದೊಡ್ಡದು ಹಾಕಿಹೋಗಿದ್ದಾರೆ. ಎಂಸಿಬಿ ಮುಖ್ಯವಾಗಿ ಕಾಯುವುದು ಗೋಡೆಯೊಳಗಿನ ವೈರನ್ನು. ವೈರ್ ತಡೆಯುವುದಕ್ಕಿಂತ ದೊಡ್ಡದು ಹಾಕಿದರೆ, ಅದು ಬೀಳುವ ಮೊದಲೇ ವೈರ್ ಬೇಯುತ್ತದೆ. ದಯವಿಟ್ಟು ನಿಮ್ಮ ಮನೆಯಲ್ಲೂ ಒಮ್ಮೆ ನೋಡಿಸಿ.

"2.5 ಸಾಕು ಸಾರ್, ಎಲ್ಲಾ ಕಡೆ ಅದೇ ಹಾಕೋದು" ಅಂದರು ವೈರಿಂಗ್ ಅಣ್ಣ. ಬರೀ 13 ಆಂಪಿಯರ್ ನೋಡಿದರೆ ಅವರ ಮಾತು ಸರಿ. ಆದರೆ ಕರೆಂಟ್ ಹೋಗಿ ವಾಪಸ್ಸೂ ಬರಬೇಕು, ಅಲ್ವಾ? 22 ಮೀಟರ್ ಅಂದರೆ 44 ಮೀಟರ್ ತಾಮ್ರ. ಇಬ್ಬರೂ ಕೂತು ಲೆಕ್ಕ ಹಾಕಿದೆವು. 1.5ರಲ್ಲಿ ಹತ್ತಿರ ಹತ್ತಿರ 100 ವ್ಯಾಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. 2.5ರಲ್ಲಿ ಸುಮಾರು 60. 4ರಲ್ಲಿ 40ಕ್ಕೂ ಕಡಿಮೆ. ಸಾಲದ್ದಕ್ಕೆ ವಾಷಿಂಗ್ ಮಷೀನ್ ಲೈನೂ ಅದೇ ಪೈಪಿನಲ್ಲಿ ಹೋಗುತ್ತದೆ. ಪೈಪಿನಲ್ಲಿ ವೈರ್ ಜಾಸ್ತಿಯಾದಷ್ಟೂ ಬಿಸಿ ಹೊರಗೆ ಹೋಗಲು ಜಾಗ ಕಡಿಮೆ. ಅದರ ಮೇಲೆ ಏಪ್ರಿಲ್ ಬಿಸಿಲಿಗೆ ಆ ಪಶ್ಚಿಮದ ಗೋಡೆ ಸುಮ್ನೆ ಮುಟ್ಟಿದರೂ ಸುಡುತ್ತದೆ. ಅಣ್ಣನೂ ಒಪ್ಪಿದರು. 4 ಸ್ಕ್ವೇರ್ ತಂದು 16 ಆಂಪಿಯರ್ ಎಂಸಿಬಿ ಕೊಟ್ಟೆವು. ಹಸಿರು ಅರ್ಥಿಂಗ್ ವೈರೂ 4ರದ್ದೇ. ದುಡ್ಡು ಸ್ವಲ್ಪ ಜಾಸ್ತಿ ಆಯ್ತು ನಿಜ, ಆದರೆ ಪ್ಲಾಸ್ಟರ್ ಆದಮೇಲೆ ಗೋಡೆಯನ್ನು ಮತ್ತೆ ಯಾರು ಒಡೆಯುತ್ತಾರೆ?

ದಪ್ಪ ವೈರ್ ಎರಡನೇ ಬೆಂಡಿನಲ್ಲಿ ಸಿಕ್ಕಿಕೊಂಡಿತು. ಪೌಡರ್ ಸವರಿ ಎಳೆದ ಮೇಲೆ ಬಂತು.

ಇನ್ನು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕೂರಿಸಬೇಕು, ಅರ್ಥ್ ಗುಂಡಿ ತೆಗೆಸಬೇಕು. ಅವೆರಡೂ ಆಗುವ ತನಕ ಗೀಸರ್ ಸ್ವಿಚ್ ಮುಟ್ಟಬೇಡಿ ಅಂತ ಅಮ್ಮನಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಸ್ನಾನಕ್ಕೆ ಹಂಡೆ ನೀರೇ.