ಸತ್ತವರ ಹೇಳಿಕೆ ಮತ್ತು ನಮ್ಮ ಮನೆಯ ಜಗಳ

ಕಳೆದ ಆಟಿಯಲ್ಲಿ, ಅಂಗಳಕ್ಕೆ ಕಾಲಿಡಲಾಗದಂತೆ ಮಳೆ ಹಿಡಿದಿದ್ದ ಒಂದು ವಾರ, ಉಡುಪಿಯ ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ‘ಬಾರ್ಡರ್’ ಎಂಬ ಜಪಾನಿ ಧಾರಾವಾಹಿಯನ್ನು ನೋಡಿ ಮುಗಿಸಿದೆವು. 2014ರಲ್ಲಿ ಅಲ್ಲಿನ ಟಿವಿ ಆಸಾಹಿ ವಾಹಿನಿಯಲ್ಲಿ ಬಂದ, ಒಂಬತ್ತೇ ಕಂತುಗಳ ಕಥೆ ಅದು. ನೋಡಿದವರು ನಾವು ನಾಲ್ವರು: ಮಂಗಳೂರಿನ ಕೋರ್ಟಿನಲ್ಲಿ ವಕೀಲರಾಗಿರುವ ಭಾವ, ಅವರ ಕಾಲೇಜು ಓದುವ ಮಗ, ಅಮ್ಮ ಮತ್ತು ನಾನು. ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವ ಕೆಲಸ ಹುಡುಗನದು. ಅವನು ತನಗೆ ಹಿಡಿಸಿದ ಮಾತನ್ನು ಎರಡು ಸಲ ಹೇಳುತ್ತಿದ್ದ, ಹಿಡಿಸದ್ದನ್ನು ನುಂಗುತ್ತಿದ್ದ. ಆದ್ದರಿಂದ ಅಮ್ಮ ನೋಡಿದ ಕಥೆ ಸ್ವಲ್ಪ ಬೇರೆಯೇ ಇದ್ದೀತು. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕೊನೆಯನ್ನು ಹೇಳದೆ ನನ್ನ ಮಾತು ಮುಂದೆ ಸಾಗುವುದಿಲ್ಲ.

ತೋಕಿಯೊ ಪೊಲೀಸ್ ಪತ್ತೇದಾರ ಇಶಿಕಾವಾ ಆಂಗೊ (ನಟ ಶುನ್ ಒಗುರಿ) ಕರ್ತವ್ಯದಲ್ಲಿದ್ದಾಗ ತಲೆಗೆ ಗುಂಡೇಟು ತಿನ್ನುತ್ತಾನೆ. ಹೊರಗೆ ತೆಗೆಯಲಾಗದೆ ಗುಂಡು ಮಿದುಳಿನಲ್ಲೇ ಉಳಿಯುತ್ತದೆ, ಆ ಬಳಿಕ ಅವನಿಗೆ ಸತ್ತವರು ಕಾಣಿಸತೊಡಗುತ್ತಾರೆ. ಕೊಲೆಯಾದವರೇ ಎದುರು ನಿಂತು ಕೊಂದವನು ಇಂಥವನೆಂದು ಹೇಳಿಬಿಟ್ಟರೆ ಪತ್ತೇದಾರಿಕೆಯಲ್ಲಿ ಇನ್ನೇನು ಉಳಿಯಿತು ಎಂದು ತೋರಬಹುದು. ಉಳಿಯುವುದು ಸಾಕ್ಷ್ಯವೊಂದೇ, ಮತ್ತು ಕಥೆಯ ಸಂಕಟವೆಲ್ಲ ಅಲ್ಲಿಯೇ ಇದೆ. ಭಾವ ಮೊದಲ ದಿನವೇ ನಗುತ್ತ ಹೇಳಿದರು: “ಸಾಯುವ ಮೊದಲು ಹೇಳಿದರೆ ಮರಣಕಾಲದ ಹೇಳಿಕೆ ಅಂತ ಕೋರ್ಟು ತೆಗೆದುಕೊಳ್ತದೆ ಮಾರಾಯ, ಸತ್ತ ಮೇಲೆ ಹೇಳಿದರೆ ಎಂತ ಮಾಡುದು?” ಇಶಿಕಾವಾ ಮಾಡುವುದಿಷ್ಟು: ಗೊತ್ತಿರುವ ಸತ್ಯಕ್ಕೆ ಪುರಾವೆ ಹೊಂದಿಸಲು ಕಂಪ್ಯೂಟರ್ ಕಳ್ಳರನ್ನೂ ಮಾಹಿತಿ ಮಾರುವವರನ್ನೂ ಗುಟ್ಟಾಗಿ ಬಳಸುತ್ತ, ಕಂತಿನಿಂದ ಕಂತಿಗೆ ಒಂದೊಂದು ಹೆಜ್ಜೆ ಆಚೆ ಇಡುತ್ತಾನೆ.

ಹುಡುಗನಿಗೆ ಇದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಕೊನೆಯ ಕಂತಿನಲ್ಲಿ, ಪುಟ್ಟ ಬಾಲಕನನ್ನು ಕೊಂದು ಒಂದು ಸುಳಿವನ್ನೂ ಬಿಡದ ಆಂದೊ ಎಂಬವನನ್ನು ಇಶಿಕಾವಾ ಕಟ್ಟಡದ ಮೇಲಿನಿಂದ ತಳ್ಳಿದಾಗ ಅವನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಕಾನೂನಿಗೆ ಕೈಲಾಗದ ಕಡೆ ಯಾರಾದರೂ ಮಾಡಲೇಬೇಕಲ್ಲ ಎಂಬುದು ಅವನ ವಾದ. ಭಾವನದು ಇದಕ್ಕೆ ಪೂರ್ತಿ ವಿರುದ್ಧ: ನಿರ್ದೇಶಕರು ಕೊಲೆಗಾರನನ್ನು ನಗುವ ರಾಕ್ಷಸನನ್ನಾಗಿ ಮಾಡಿ, ಪೊಲೀಸರ ಕೈಯಿಂದ ಕೊಲೆ ಮಾಡಿಸಲು ಪ್ರೇಕ್ಷಕರ ಅನುಮತಿಯನ್ನು ಮೊದಲೇ ಪಡೆದುಕೊಂಡಿದ್ದಾರೆ, ಇದು ಮೋಸದ ಕಥೆ.

ನನಗೆ ಇಬ್ಬರ ಮಾತೂ ಒಪ್ಪಿಗೆಯಾಗಲಿಲ್ಲ. ಮೋಸದ ಕಥೆಯಾಗಿದ್ದರೆ ಅದು ಆ ತಳ್ಳುವಿಕೆಗೇ ಮುಗಿಯಬೇಕಿತ್ತು. ಆದರೆ ಅನಂತರ ಒಂದು ಕ್ಷಣವಿದೆ: ಅಂಚಿನಲ್ಲಿ ನಿಂತ ಇಶಿಕಾವಾನ ಹೆಗಲ ಮೇಲೆ ಹಿಂದಿನಿಂದ ಒಂದು ಕೈ ಬಂದು ಕೂರುತ್ತದೆ. ಅದು ಈಗಷ್ಟೇ ಸತ್ತವನ ಕೈ. ನಮ್ಮ ಕಡೆಗೆ ಸ್ವಾಗತ ಎಂಬರ್ಥದ ಮಾತನ್ನು ಅವನು ಹೇಳುತ್ತಾನೆ, ಕಥೆ ಮುಗಿಯುತ್ತದೆ. ಹುಡುಗನ ಚಪ್ಪಾಳೆ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದೆ, ಅವನು ಈಗ ಒಪ್ಪುವುದಿಲ್ಲ. ಇನ್ನೊಂದು ಮಾತು: ಇಶಿಕಾವಾನನ್ನು ಕ್ಷಮಿಸುವಷ್ಟು ಖಾತ್ರಿ ನಮಗೆ ಬಂದದ್ದಾದರೂ ಎಲ್ಲಿಂದ? ಬಾಲಕನ ಪ್ರೇತವನ್ನು ಕಥೆ ನಮಗೂ ತೋರಿಸಿದ್ದರಿಂದ. ಪ್ರೇತ ಕಾಣದ ಪತ್ತೇದಾರರಿಗೂ ಅಷ್ಟೇ ಖಾತ್ರಿ ಹುಟ್ಟುವುದುಂಟು ಎಂಬುದೇ ಭಯದ ವಿಷಯ.

ಈ ಮಾತಿಗೆ ಆ ದೇಶದ್ದೇ ನಿದರ್ಶನವಿದೆ. 1966ರಲ್ಲಿ ಶಿಜುವೊಕಾ ಪ್ರಾಂತದ ಮಿಸೊ ಕಾರ್ಖಾನೆಯೊಂದರ ನಿರ್ದೇಶಕನ ಮನೆಯಲ್ಲಿ ನಾಲ್ವರ ಕೊಲೆಯಾಯಿತು. ಅಲ್ಲಿಯೇ ಕೆಲಸಕ್ಕಿದ್ದ, ಹಿಂದೆ ಬಾಕ್ಸರ್ ಆಗಿದ್ದ ಇವಾವೊ ಹಕಾಮಾದಾರನ್ನು ಬಂಧಿಸಿ, ದಿನಗಟ್ಟಲೆ ಪ್ರಶ್ನಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಜಪಾನಿನಲ್ಲಿ ಆರೋಪ ಹೊರಿಸುವ ಮೊದಲೇ 23 ದಿನ ವಶದಲ್ಲಿಡಬಹುದು, ಹೊರಿಸಿದ ಮೇಲೆ ಶೇಕಡಾ 99ಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಶಿಕ್ಷೆಯಾಗುತ್ತದೆ. ಘಟನೆಯಾಗಿ ವರ್ಷ ಕಳೆದ ಮೇಲೆ, ಕಾರ್ಖಾನೆಯ ಮಿಸೊ ತೊಟ್ಟಿಯಲ್ಲಿ ರಕ್ತದ ಕಲೆಗಳಿದ್ದ ಐದು ಬಟ್ಟೆಗಳು ಸಿಕ್ಕವು. 1968ರಲ್ಲಿ ನ್ಯಾಯಾಲಯ ಮರಣದಂಡನೆ ವಿಧಿಸಿತು. ಆತ ಹೊರಗೆ ಬಂದದ್ದು 2014ರ ಮಾರ್ಚಿನಲ್ಲಿ, ಅಂದರೆ ‘ಬಾರ್ಡರ್’ ಪ್ರಸಾರ ಆರಂಭವಾಗುವುದಕ್ಕೆ ಕೆಲವೇ ದಿನ ಮೊದಲು. 2024ರ ಸೆಪ್ಟೆಂಬರಿನಲ್ಲಿ, 88ನೆಯ ವಯಸ್ಸಿನಲ್ಲಿ, ನಿರ್ದೋಷಿ ಎಂಬ ತೀರ್ಪು ಬಂತು. ಆ ಬಟ್ಟೆಗಳನ್ನು ತನಿಖೆ ನಡೆಸಿದವರೇ ಸೃಷ್ಟಿಸಿ ತೊಟ್ಟಿಯಲ್ಲಿ ಅಡಗಿಸಿದ್ದೆಂದು ನ್ಯಾಯಾಲಯ ಹೇಳಿತು. ಅಷ್ಟು ಕಾಲ ಮಿಸೊದಲ್ಲಿ ಹೂತಿದ್ದ ರಕ್ತ ಕೆಂಪಾಗಿ ಉಳಿಯುವುದು ಹೇಗೆ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು.

ಮಿಸೊ ಎಂದರೇನು ಎಂದು ಅಮ್ಮ ಕೇಳಿದರು. ಸೋಯಾ ಕಾಳನ್ನು ಬೇಯಿಸಿ, ಉಪ್ಪು ಹಾಕಿ, ತಿಂಗಳುಗಟ್ಟಲೆ ಹುಳಿ ಬರಿಸಿದ ಮುದ್ದೆ ಎಂದೆ. “ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಬಣ್ಣವೇ ಭರಣಿಯಲ್ಲಿ ವರ್ಷ ನಿಲ್ಲುದಿಲ್ಲ. ರಕ್ತ ನಿಲ್ತದಾ? ಇದು ತಿಳಿಯಲಿಕ್ಕೆ ಅವರಿಗೆ ಇಷ್ಟು ವರ್ಷ ಬೇಕಾಯ್ತಾ?” ಎಂದರು. ಭಾವ ತಲೆಯಾಡಿಸಿದರು. ಪೊಲೀಸರ ಎದುರಿನ ತಪ್ಪೊಪ್ಪಿಗೆ ನಮ್ಮಲ್ಲಿ ನಡೆಯುವುದಿಲ್ಲವೆಂದು 1872ರ ಕಾಯಿದೆಯಿಂದಲೇ ಇದೆ, ಈಗಿನ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆದರೆ ಆ ಮಾತಿನಿಂದ ಸಿಕ್ಕಿದ ವಸ್ತು ನಡೆಯುತ್ತದೆ, ಆದ್ದರಿಂದ ಜಗಳವೆಲ್ಲ ಮಹಜರಿನಲ್ಲಿ, ಪಂಚರ ಸಹಿಯಲ್ಲಿ ಎಂದು ಅವರು ಅರ್ಧ ಗಂಟೆ ವಿವರಿಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹುಡುಗ ಮಾತ್ರ ಸೋಲಲಿಲ್ಲ. ಕಲ್ಕುಡ-ಕಲ್ಲುರ್ಟಿಯನ್ನು ತಂದು ನಿಲ್ಲಿಸಿದ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿಯ ಕೈಕಾಲು ಕಡಿಸಿದ ಅರಸನಿಗೆ, ಅಣ್ಣ ತಂಗಿ ದೈವಗಳಾಗಿ ಬುದ್ಧಿ ಕಲಿಸಿದ ಪಾಡ್ದನವನ್ನು ಅಜ್ಜಿಯೇ ಅವನಿಗೆ ಹೇಳಿದ್ದಲ್ಲವೇ? ಅನ್ಯಾಯಕ್ಕೊಳಗಾದವರು ಮಾಯವಾದ ಮೇಲೆ ನ್ಯಾಯ ಕೇಳುವುದು ನಮಗೆ ಹೊಸದೇ? ಒಪ್ಪಬೇಕಾದ ಮಾತು, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಮ್ಮ ಹಲಸಿನ ಹಪ್ಪಳದ ತಟ್ಟೆಯನ್ನು ಅವನತ್ತ ಸರಿಸುತ್ತ ಹೇಳಿದರು: “ದೈವ ಕೇಳುದಾದರೆ ಕೋಲದಲ್ಲಿ ನಿಂತು ಊರವರ ಎದುರೇ ಕೇಳ್ತದೆ ಮಗ. ಇವನು ಯಾರೂ ಇಲ್ಲದಲ್ಲಿ ತಳ್ಳಿದ.”

2017ರಲ್ಲಿ ಇದರ ಮುಂದುವರಿದ ಭಾಗ ಬಂದಿದೆ, ಹೆಸರಿನ ಅರ್ಥ ‘ಪ್ರಾಯಶ್ಚಿತ್ತ’ ಎಂದು ಹುಡುಗ ತಿಳಿಸಿದ. ಭಾವನಿಗೆ ಬೆಳಗ್ಗೆ ಕೇಸು ಇದ್ದುದರಿಂದ ಅಂದು ಅದನ್ನು ಹಾಕಲಿಲ್ಲ. ಅಮ್ಮ ಮಾತ್ರ ದೀಪ ಆರಿಸುವ ಮೊದಲು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು: “ಆ ಕೈ ಹಾಕಿದವನು ಇನ್ನು ಇವನ ಹಿಂದೆಯೇ ಇರ್ತಾನಾ? ಊಟ ಮಾಡುವಾಗಲೂ?”