ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರದ ಲೆಕ್ಕ ಬೇರೆ, ಗಡಿಯಾರದ ಲೆಕ್ಕ ಬೇರೆ

ಗೋಡೆಯ ಭೂಪಟದಲ್ಲಿ ಈ ದಾರಿ ಹುಡುಕಬೇಡಿ. ಮಕ್ಕಳ ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಹೆಚ್ಚುಕಮ್ಮಿ ಉತ್ತರಕ್ಕೇ ಹತ್ತಿ, ಟಿಬೆಟ್, ಸೈಬೀರಿಯಾ ದಾಟಿ, 71 ಡಿಗ್ರಿ ಅಕ್ಷಾಂಶ ಮುಟ್ಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಸುಮಾರು 13,990 ಕಿಲೋಮೀಟರ್. ಆನ್‌ಲೈನ್‌ನಲ್ಲಿ ಕಾಣುವ ಅಂಕಿ ಈ ದಾರದ್ದೇ.

ವಿಮಾನ ಮಾತ್ರ ದಾರದ ಜಾಡಿನಲ್ಲೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್ ಆಸುಪಾಸು. ಕ್ಯಾಬಿನ್ ಒತ್ತಡ ಕೈಕೊಟ್ಟರೆ ಪೈಲಟ್ ಬೇಗ 3,000 ಮೀಟರಿಗೆ ಇಳಿಸಬೇಕು. ಅಲ್ಲಿ ಇಳಿಸಲು ಜಾಗವೇ ಇಲ್ಲ. ಪ್ರಯಾಣಿಕರ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹಾಗಾಗಿ ಸುತ್ತು ಅನಿವಾರ್ಯ.

ಇನ್ನು ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಬಿರುಸಾಗಿ ಹರಿಯುವ ಗಾಳಿ, ಜೆಟ್ ಸ್ಟ್ರೀಮ್, ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ. ಪೆಸಿಫಿಕ್ ಮೇಲಿಂದ ಹೋಗುವಾಗ ಅದು ಬೆನ್ನಿಗಿರುತ್ತದೆ, ಅದೇ ದಾರಿಯಲ್ಲಿ ವಾಪಸ್ ಬಂದರೆ ಎದುರಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ತಡೆರಹಿತವಾಗಿ ಬಂದಾಗ ಹಿಡಿದದ್ದು ಸುಮಾರು 17 ಗಂಟೆ. ನಿಮ್ಮದೇ ಅಂದಾಜು ಬೇಕಿದ್ದರೆ ದೂರವನ್ನು ಗಂಟೆಗೆ 875 ಕಿಲೋಮೀಟರ್ ವೇಗದಿಂದ ಭಾಗಿಸಿ, ಹತ್ತಿ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ: ಹದಿನಾರೂವರೆ ಬರುತ್ತದೆ.

ಜನ ಎಡವುವುದು ದೂರದಲ್ಲಲ್ಲ, ತಾರೀಖಿನಲ್ಲಿ. ಚಳಿಗಾಲದಲ್ಲಿ ನಾವು ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಚಳಿಗಾಲದಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ವಾಪಸ್ ಶುಕ್ರವಾರ ರಾತ್ರಿ 9ಕ್ಕೆ ಹತ್ತಿದರೆ, ಹಾರಾಟ ಹದಿನೇಳೂವರೆ, ಅಂತರ ಹದಿಮೂರೂವರೆ, ಒಟ್ಟು 31 ಗಂಟೆ: ಇಳಿಯುವುದು ಭಾನುವಾರ ಬೆಳಗಿನ ಜಾವ 4ಕ್ಕೆ. ಟಿಕೆಟ್ಟಿನಲ್ಲಿ ಸಮಯದ ಪಕ್ಕ ಪುಟ್ಟದಾಗಿ ‘+2’ ಅಂತಿರುತ್ತದೆ. ಅದನ್ನು ಗಮನಿಸದೆ ಶನಿವಾರ ಬೆಳಗ್ಗೆಯೇ ದೇವನಹಳ್ಳಿಗೆ ಟ್ಯಾಕ್ಸಿ ಮಾಡಿಕೊಂಡು ಹೋಗಿ ಕಾಯುವವರಿದ್ದಾರೆ.

ನಡುವೆ ಒಂದು ಕಡೆ ಇಳಿದು ಹೋಗುವುದಾದರೆ ದುಬೈ ಹತ್ತಿರ ಅನ್ನಿಸುತ್ತದೆ, ಟೋಕಿಯೋ ಸುತ್ತು ಅನ್ನಿಸುತ್ತದೆ. ಲೆಕ್ಕ ಉಲ್ಟಾ! ದುಬೈ ಮೂಲಕ ಸುಮಾರು 15,700 ಕಿಲೋಮೀಟರ್, ಟೋಕಿಯೋದ ನರಿಟಾ ಮೂಲಕ 15,000ಕ್ಕೂ ತುಸು ಕಡಿಮೆ. ಫ್ರಾಂಕ್‌ಫರ್ಟ್ ಹಿಡಿದರೆ 16,500 ದಾಟುತ್ತದೆ. ಆದರೂ ಒಟ್ಟು ಸಮಯ ನಿರ್ಧರಿಸುವುದು ಈ ಕಿಲೋಮೀಟರ್‌ಗಳಿಗಿಂತ ಹೆಚ್ಚಾಗಿ ನಡುವಿನ ಕಾಯುವಿಕೆ.

ಅಮೆರಿಕದೊಳಗೇ ವಿಮಾನ ಬದಲಿಸುವುದಿದ್ದರೆ ಮೂರು ಗಂಟೆಗಿಂತ ಕಡಿಮೆ ಅಂತರ ಬೇಡ. ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಸಾಲು, ಸಾಮಾನ್ಯವಾಗಿ ಲಗೇಜೂ ಅಲ್ಲೇ ಎತ್ತಿಕೊಂಡು ಮತ್ತೆ ಕೊಡಬೇಕು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆಬೇರೆ ಮಾಡಿಸಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಸ ಟಿಕೆಟ್ಟಿನ ದುಡ್ಡು ನಿಮ್ಮ ಜೇಬಿನಿಂದಲೇ.