ಕಾರ್ನಾಕ್ಕೆ ಪದ ಕೇಳಲು ಹೋಗುವವರಿಗೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾ ಸೀಮೆಯಲ್ಲಿರುವ ಕಾರ್ನಾ ಎಂಬ ಹಳ್ಳಿಗೆ ನಾನು ಹೋದದ್ದು ‘ಶಾನ್ ನೋಸ್’ ಹಾಡುಗಾರಿಕೆಯನ್ನು ಕೇಳುವುದಕ್ಕಾಗಿ. ಆ ಮಾತಿಗೆ ‘ಹಳೆಯ ಧಾಟಿ’ ಎಂದರ್ಥ. ಐರಿಶ್ ಭಾಷೆಯ ಈ ಹಾಡುಗಳಿಗೆ ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ತಾಳದ ಬಿಗಿಯೂ ಇಲ್ಲ. ಒಂಟಿ ಕಂಠವು ನುಡಿಯ ಓಟವನ್ನೇ ಹಿಡಿದು ಸಾಗುತ್ತದೆ.

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಐರ್ಲೆಂಡಿನಲ್ಲಿ ಸಲ್ಲುವುದಿಲ್ಲ. ಡಬ್ಲಿನ್‌ನಿಂದ ಗಾಲ್ವೇಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಅಲ್ಲಿಂದ ಕಾರ್ನಾಕ್ಕೆ ಬಸ್ಸುಗಳು ವಿರಳ. ಹಾಡು ನಡುರಾತ್ರಿ ದಾಟುವುದರಿಂದ ಆ ಊರಿನಲ್ಲಿಯೇ ಕೋಣೆ ಕಾದಿರಿಸುವುದು ಒಳ್ಳೆಯದು. ಐರಿಶ್ ಆಡುವ ಈ ಪ್ರದೇಶದಲ್ಲಿ ಊರಿನ ಫಲಕಗಳು ಐರಿಶ್‌ನಲ್ಲಿ ಮಾತ್ರ ಇರುವುದರಿಂದ, ಕಾರಿನಲ್ಲಿ ಹೋಗುವವರು ಐರಿಶ್, ಇಂಗ್ಲಿಷ್ ಎರಡೂ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು. ಹೊರಡುವ ಮುನ್ನ, 1972ರಿಂದ ಪ್ರಸಾರ ನಡೆಸುತ್ತಿರುವ ಐರಿಶ್ ಬಾನುಲಿ ‘ರೇಡಿಯೊ ನಾ ಗೇಲ್ಟಾಕ್ಟಾ’ವನ್ನು ಕೆಲವು ವಾರ ಕೇಳಿ, ಕಿವಿ ಹದವಾಗುತ್ತದೆ.

ಶಾನ್ ನೋಸ್‌ನ ಹೆಸರಾಂತ ಹಾಡುಗಾರ ಜೋ ಹೀನಿ 1919ರಲ್ಲಿ ಹುಟ್ಟಿದ್ದು ಈ ಕಾರ್ನಾದ ಬಳಿಯಲ್ಲಿಯೇ. ನೂರಾರು ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಅವರು ಅಮೆರಿಕದಲ್ಲಿ ಪಾಠ ಹೇಳುತ್ತ 1984ರಲ್ಲಿ ಸಿಯಾಟಲ್‌ನಲ್ಲಿ ತೀರಿಕೊಂಡರು. ಅವರ ನೆನಪಿನ ಉತ್ಸವದ ದಿನಾಂಕಗಳನ್ನು ನೋಡಿಕೊಂಡು ಪ್ರವಾಸವನ್ನು ಗೊತ್ತುಮಾಡಿಕೊಳ್ಳಬಹುದು.

ನಾನು ಹೋದ ಪಬ್ಬಿನಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿ, ಮುಖವನ್ನು ಗೋಡೆಯತ್ತ ಹೊರಳಿಸಿ ಹಾಡತೊಡಗಿದರು. ಪಕ್ಕದಲ್ಲಿದ್ದವರು ಅವರ ಕೈ ಹಿಡಿದು, ರಾಟೆ ತಿರುಗಿಸುವಂತೆ ನಿಧಾನವಾಗಿ ತಿರುವುತ್ತಿದ್ದರು. ನಾನು ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕಲು ಹೋದಾಗ ಒಬ್ಬ ಹೆಂಗಸು ಮೆಲ್ಲಗೆ ತಡೆದರು. ದಯವಿಟ್ಟು ಹಾಗೆ ಮಾಡಬೇಡಿ, ಕೇಳದೆ ಧ್ವನಿಮುದ್ರಣವನ್ನೂ ಮಾಡಬೇಡಿ. ಚರಣದ ಕೊನೆಯಲ್ಲಿ ‘ಮೊ ಹ್ಯೋಲ್ ಹೂ’, ಅಂದರೆ ‘ನನ್ನ ಸಂಗೀತವೇ ನೀನು’, ಎಂದು ಯಾರೋ ಮೆಚ್ಚಿ ನುಡಿದರು. ಹಿರಿಯರು ಕಡೆಯ ಸಾಲನ್ನು ಹಾಡದೆ, ಬರಿಯ ಮಾತಿನಂತೆ ಆಡಿ ಮುಗಿಸಿದರು.

ಬಳಿಕ ನನ್ನತ್ತ ತಿರುಗಿ ‘ಅಬರ್ ಓರಾನ್’ ಎಂದರು. ಅಕ್ಷರಶಃ ‘ಹಾಡು ಹೇಳು’ ಎಂದರ್ಥ. ನಮ್ಮ ಹಳ್ಳಿಗಳಲ್ಲಿ ‘ಒಂದು ಪದ ಹೇಳವ್ವ’ ಎನ್ನುವಂತೆ ಅವರಲ್ಲಿಯೂ ಹಾಡನ್ನು ಹೇಳುವುದೇ ವಾಡಿಕೆಯೆಂದು ತಿಳಿದಾಗ ನನ್ನ ಅಳುಕು ಹೋಯಿತು. ಅಜ್ಜಿಯಿಂದ ಕಲಿತ ಬೀಸುವ ಪದವೊಂದನ್ನು ಹೇಳಿದೆ. ಯಾರೂ ಕದಲಲಿಲ್ಲ. ಮುಗಿದ ಮೇಲೆ ಸಾಲುಸಾಲಿನ ಅರ್ಥವನ್ನು ಕೇಳಿ ತಿಳಿದುಕೊಂಡು, ಇನ್ನೊಂದು ಹೇಳಬೇಕೆಂದರು. ನನಗೆ ಬಾಯಿಪಾಠವಿದ್ದದ್ದು ಅದೊಂದೇ, ಮೊಬೈಲು ನೋಡಿ ಹಾಡುವುದು ಅಲ್ಲಿ ಸಲ್ಲದು. ನೀವು ಹೋಗುವಾಗ ಮೂರು ಪದಗಳನ್ನಾದರೂ ಬಾಯಿಪಾಠ ಮಾಡಿಕೊಂಡು ಹೋಗಿ.